ವಿಂಡೋಸ್ ಡಿಫೆಂಡರ್ ರಿವ್ಯೂ: ಜೆರಾಕ್ಸ್-ಡಿಟಿಪಿ ಅಂಗಡಿಗೆ ಇದೊಂದೇ ಸಾಕಾ?

ಯಾವ ಆಂಟಿವೈರಸ್ ಹಾಕ್ಸೋದು ಅಂತ ಕೇಳೋರು ಜಾಸ್ತಿ ಆಗಿದಾರೆ, ಅದ್ರಲ್ಲೂ ನಮ್ ಥರ ಜೆರಾಕ್ಸು, ಡಿಟಿಪಿ, ಆನ್‌ಲೈನ್ ಅರ್ಜಿ ಅಂತ ಅಂಗಡಿ ಇಟ್ಕೊಂಡಿರೋರು. ನನ್ ಉತ್ತರ ಮೊದ್ಲೇ ಹೇಳ್ಬಿಡ್ತೀನಿ, ವಿಂಡೋಸ್ ಜೊತೆ ಪುಕ್ಕಟೆ ಬರೋ ಡಿಫೆಂಡರ್ ಸಾಕು. ಆದ್ರೆ ಅದು ಯಾವ ಕೆಲ್ಸ ಮಾಡುತ್ತೆ, ಯಾವ್ದು ಮಾಡಲ್ಲ ಅಂತ ಗೊತ್ತಿಲ್ದೆ ಮೂಲೇಲಿ ಹಸಿರು ಟಿಕ್ ಇದ್ಯಲ್ಲ ಅಂತ ಧೈರ್ಯವಾಗಿ ಕೂತ್ರೆ, ಇದೊಂದೇ ಅಲ್ಲ, ಸಾವಿರಾರು ರೂಪಾಯಿ ಕೊಟ್ಟು ತಂದಿದ್ದೂ ಉಳಿಸಲ್ಲ. ವರ್ಮ್ ಅನ್ನೋದು ಮೆಷಿನ್‌ನಿಂದ ಮೆಷಿನ್‌ಗೆ ತಾನೇ ಹರಡೋ ವೈರಸ್ ಜಾತಿ, ಟ್ರೋಜನ್ ಒಳ್ಳೇ ಸಾಫ್ಟ್‌ವೇರ್ ವೇಷ ಹಾಕ್ಕೊಂಡು ನಮ್ ಕೈಯಿಂದಾನೇ ಇನ್‌ಸ್ಟಾಲ್ ಮಾಡಿಸ್ಕೊಳ್ಳೋದು. ಮೊದಲ್ನೇದಕ್ಕೆ ಬೇಕಾಗಿರೋದು ಅಪ್‌ಡೇಟು, ಎರಡ್ನೇದಕ್ಕೆ ಬೇಕಾಗಿರೋದು ನಮ್ ಕೈ ಸ್ವಲ್ಪ ಹಿಡಿತದಲ್ಲಿರೋದು. ಡಿಫೆಂಡರ್ ಇವೆರಡರ ಮಧ್ಯೆ ನಿಂತ್ಕೊಂಡಿರುತ್ತೆ ಅಷ್ಟೇ.

ನಮ್ಮಂಥ ಅಂಗಡಿ ಯಾಕೆ ಒಳ್ಳೇ ಪರೀಕ್ಷೆ ಅಂದ್ರೆ ಇಲ್ಲಿಗೆ ಬರೋ ಪೆನ್‌ಡ್ರೈವ್‌ಗಳು ಊರೆಲ್ಲಾ ಸುತ್ತಿ ಬಂದಿರ್ತವೆ. ಕಾಲೇಜ್ ಲ್ಯಾಬ್ ಮೆಷಿನ್‌ಗೆ ಹಾಕಿರ್ತಾರೆ, ಅಲ್ಲಿಂದ ಫೋಟೋ ಸ್ಟುಡಿಯೋ, ಅಲ್ಲಿಂದ ಫ್ಲೆಕ್ಸ್ ಪ್ರಿಂಟ್ ಮಾಡೋನ ಹತ್ರ, ಕೊನೆಗೆ ಪ್ರಾಜೆಕ್ಟ್ ರಿಪೋರ್ಟ್ ಬೈಂಡಿಂಗ್‌ಗೋ ಲಗ್ನಪತ್ರಿಕೆ ತಿದ್ಸೋಕೋ ನಮ್ ಹತ್ರ. ಬ್ಯಾಂಕಿನವ್ರು ಯುಎಸ್‌ಬಿ ಪೋರ್ಟನ್ನೇ ಬಂದ್ ಮಾಡಿ ಕೂತಿರ್ತಾರೆ, ನಾವು ಹಂಗೆ ಮಾಡಿದ್ರೆ ಶಟರ್ ಎಳ್ಕೊಂಡು ಮನೆಗೆ ಹೋಗ್ಬೇಕು.

ಸೈಬರ್ ಕೆಫೆ ಕಾಲದಲ್ಲಿ ಓಡಾಡಿದೋರಿಗೆ ನ್ಯೂ ಫೋಲ್ಡರ್ ಡಾಟ್ ಇಎಕ್ಸ್ಇ ನೆನಪಿರುತ್ತೆ. ನೋಡೋಕೆ ಹಳದಿ ಫೋಲ್ಡರ್ ಐಕಾನ್, ನಿಜವಾಗ್ಲೂ ಒಂದು ಪ್ರೋಗ್ರಾಂ, ಕ್ಲಿಕ್ ಮಾಡಿದ್ರೆ ಟಾಸ್ಕ್ ಮ್ಯಾನೇಜರ್ ಬಂದ್, ರಿಜಿಸ್ಟ್ರಿ ಎಡಿಟರ್ ಬಂದ್, ಫೋಲ್ಡರ್ ಆಪ್ಷನ್ಸ್ ಮೆನುನೇ ಮಾಯ. ಇನ್ನೊಂದಿತ್ತು, ಹೀಪ್41ಎ ಅಂತ, ಆಗಿನ ಸೋಷಿಯಲ್ ಸೈಟ್ ಆರ್ಕುಟ್ ಓಪನ್ ಮಾಡಿದ್ರೆ "ಆರ್ಕುಟ್ ಈಸ್ ಬ್ಯಾನ್ಡ್ ಯೂ ಫೂಲ್" ಅಂತ ಬೈದು ಬ್ರೌಸರ್ ಮುಚ್ಬಿಡೋದು, ಮೊಜಿಲ್ಲಾ ಬ್ರೌಸರ್ ತೆಗೆದ್ರೂ ಬೈಗುಳ. ಆಗಿನ ಇಂಥ ಎಷ್ಟೋ ವರ್ಮ್‌ಗಳಿಗೆ ಪೆನ್‌ಡ್ರೈವಲ್ಲಿರೋ ಆಟೋರನ್ ಡಾಟ್ ಐಎನ್ಎಫ್ ಅನ್ನೋ ಪುಟ್ಟ ಫೈಲೇ ಆಧಾರ. ಡ್ರೈವ್ ಹಾಕಿದ್ರೆ ಯಾವ ಪ್ರೋಗ್ರಾಂ ಓಡಿಸ್ಬೇಕು ಅಂತ ಅದ್ರಲ್ಲಿ ಬರೆದಿರುತ್ತೆ, ವಿಂಡೋಸ್ ಎಕ್ಸ್‌ಪಿ ಪಾಪ ಅದನ್ನ ನಂಬೋದು. 2008ರ ನವೆಂಬರ್‌ನಲ್ಲಿ ಬಂದ ಕಾನ್‌ಫಿಕರ್ ಅನ್ನೋ ವರ್ಮ್ ಇನ್ನೂ ಒಂದು ಹೆಜ್ಜೆ ಮುಂದೆ. ಮುಂದಿನ ಅವತಾರದಲ್ಲಿ ಅದು ಪೆನ್‌ಡ್ರೈವ್ ಹತ್ತಿದಾಗ, ಡ್ರೈವ್ ಹಾಕಿದ ತಕ್ಷಣ ಬರೋ ಮೆನುನಲ್ಲಿ 'ಓಪನ್ ಫೋಲ್ಡರ್ ಟು ವ್ಯೂ ಫೈಲ್ಸ್' ಅನ್ನೋ ಸಾಲನ್ನೇ ನಕಲಿ ಮಾಡಿ ಮೇಲೆ ಕೂರಿಸ್ತಿತ್ತು. ಫೈಲ್ ನೋಡೋಣ ಅಂತ ಒತ್ತಿದ್ರೆ ವರ್ಮ್ ಓಡ್ತಿತ್ತು. ಅದನ್ನ ಮಾಡಿದೋರ ಸುಳಿವು ಕೊಟ್ಟೋರಿಗೆ ಮೈಕ್ರೋಸಾಫ್ಟ್ ಎರಡೂವರೆ ಲಕ್ಷ ಡಾಲರ್ ಬಹುಮಾನ ಬೇರೆ ಘೋಷಿಸ್ತು. ಆಮೇಲೆ 2011ರ ಫೆಬ್ರವರಿಲಿ ಎಕ್ಸ್‌ಪಿ, ವಿಸ್ತಾಗೂ ಅಪ್‌ಡೇಟ್ ಕಳಿಸಿ ಪೆನ್‌ಡ್ರೈವ್ ಆಟೋರನ್ ಬಂದ್ ಮಾಡಿದ್ರು. ಅಲ್ಲಿಗೆ ಆ ಕಥೆ ಮುಗೀತು, ಶಾರ್ಟ್‌ಕಟ್ ಕಥೆ ಜೋರಾಯ್ತು.

ಶಾರ್ಟ್‌ಕಟ್ ವರ್ಮ್ ಈಗ್ಲೂ ಬರುತ್ತೆ, ಹಾಗಾಗಿ ಇದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ. ಪೆನ್‌ಡ್ರೈವ್ ಓಪನ್ ಮಾಡ್ತೀರ, ಒಳಗೆ ಫೈಲ್ ಇರೋ ಜಾಗದಲ್ಲಿ ಅದೇ ಪೆನ್‌ಡ್ರೈವ್ ಹೆಸರಿನ ಒಂದೇ ಒಂದು ಐಕಾನ್, ಎಡಗಡೆ ಕೆಳಗೆ ಚಿಕ್ಕ ಬಾಣದ ಗುರುತು. ಡಬಲ್ ಕ್ಲಿಕ್ ಮಾಡಬೇಡಿ. ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್‌ಗೆ ಹೋಗಿ ಟಾರ್ಗೆಟ್ ಅನ್ನೋ ಡಬ್ಬಿ ನೋಡಿ. ಫೋಲ್ಡರ್ ವಿಳಾಸ ಇರ್ಬೇಕಾದ ಕಡೆ ಸಿಎಂಡಿ ಅಂತಲೋ ಡಬ್ಲ್ಯೂಸ್ಕ್ರಿಪ್ಟ್ ಅಂತಲೋ ರನ್‌ಡಿಎಲ್ಎಲ್32 ಅಂತಲೋ ಇದ್ದು, ಹಿಂದೆ ಉದ್ದಕ್ಕೆ ಏನೇನೋ ಅಕ್ಷರ ಇರುತ್ತೆ. ಕ್ಲಿಕ್ ಮಾಡಿದ್ರೆ ಅದು ಎರಡು ಕೆಲ್ಸ ಒಟ್ಟಿಗೆ ಮಾಡುತ್ತೆ, ಒಂದು ಕಡೆ ವರ್ಮ್ ಸ್ಕ್ರಿಪ್ಟ್ ಶುರು, ಇನ್ನೊಂದು ಕಡೆ ನಿಮ್ಮ ನಿಜವಾದ ಫೋಲ್ಡರ್ ಓಪನ್ನು. ಫೈಲ್ ಕಾಣಿಸ್ತಲ್ಲ, ಎಲ್ಲಾ ಸರಿಯಿದೆ ಅನ್ಕೊಂಡು ನೀವು ಪ್ರಿಂಟ್ ಕೊಡ್ತೀರ. ಅಷ್ಟರೊಳಗೆ ಅದು ಕಂಪ್ಯೂಟರ್‌ನ ಸ್ಟಾರ್ಟಪ್‌ಗೆ ಸೇರ್ಕೊಂಡು, ಮುಂದೆ ಯಾವ ಪೆನ್‌ಡ್ರೈವ್ ಬರುತ್ತೋ ಅಂತ ಕಾಯ್ತಾ ಕೂತಿರುತ್ತೆ. ಬಂದ ತಕ್ಷಣ ಅದಕ್ಕೂ ಕಾಪಿ, ಅದ್ರ ಫೋಲ್ಡರ್‌ಗಳಿಗೆಲ್ಲಾ ಹಿಡನ್ ಮತ್ತೆ ಸಿಸ್ಟಂ ಅಂತ ಗುರುತು ಹಾಕಿ ಮರೆ ಮಾಡಿ, ಶಾರ್ಟ್‌ಕಟ್ ಕೂರ್ಸಿ ರೆಡಿ. ಅಂಗಡೀಲಿ ಒಂದು ಮೆಷಿನ್‌ಗೆ ಹತ್ತಿದ್ರೆ ಆ ದಿನ ಬಂದ ಗಿರಾಕಿಗಳೆಲ್ಲಾ ಮನೆಗೆ ತಗೊಂಡ್ ಹೋಗ್ತಾರೆ, ಆಮೇಲೆ ನಮ್ ಅಂಗಡಿ ಹೆಸರು ಹೇಳ್ಕೊಂಡು ಬೈತಾರೆ.

ಇಲ್ಲಿ ಡಿಫೆಂಡರ್ ಹೇಗೆ ಅಂದ್ರೆ, ಚೆನ್ನಾಗೇ ಇದೆ. ಹಳೇ ತಳಿಯ ಶಾರ್ಟ್‌ಕಟ್ ವರ್ಮ್‌ಗಳನ್ನ ಫೋಲ್ಡರ್ ತೆಗೆಯೋ ಹೊತ್ತಿಗೇ ಹಿಡಿದು ಕ್ವಾರಂಟೀನ್‌ಗೆ ಹಾಕುತ್ತೆ, ಬಲಗಡೆ ಮೂಲೇಲಿ 'ಥ್ರೆಟ್ಸ್ ಫೌಂಡ್' ಅಂತ ಬರುತ್ತೆ. ಆದ್ರೆ ಶಾರ್ಟ್‌ಕಟ್ ಹೋದ್ಮೇಲೆ ಪೆನ್‌ಡ್ರೈವ್ ಖಾಲಿ ಕಾಣುತ್ತೆ ನೋಡಿ, ಗಿರಾಕಿ ಮುಖ ಬಿಳಚಿಕೊಳ್ಳೋದು ಆಗ. "ಅಣ್ಣಾ ನಿಮ್ ಕಂಪ್ಯೂಟ್ರು ನನ್ ಪ್ರಾಜೆಕ್ಟ್ ಡಿಲೀಟ್ ಮಾಡ್ತು!" ಡಿಲೀಟ್ ಆಗಿರಲ್ಲ ಮಾರಾಯ, ಹಿಡನ್ ಆಗಿರುತ್ತೆ. ಅದನ್ನ ವಾಪಸ್ ಕಾಣೋ ಹಾಗೆ ಮಾಡೋ ಕೆಲ್ಸ ಸಾಮಾನ್ಯವಾಗಿ ನಮ್ದೇ. ಕಮಾಂಡ್ ಪ್ರಾಂಪ್ಟ್ ತೆಗೆದು ಪೆನ್‌ಡ್ರೈವ್ ಅಕ್ಷರಕ್ಕೆ ಹೋಗಿ ಅಟ್ರಿಬ್, ಮೈನಸ್ ಎಚ್, ಮೈನಸ್ ಎಸ್, ಸ್ಲ್ಯಾಶ್ ಎಸ್, ಸ್ಲ್ಯಾಶ್ ಡಿ ಅಂತ ಒಂದೇ ಸಾಲಲ್ಲಿ ಹೊಡೀಬೇಕು, ಮಧ್ಯೆ ಸ್ಪೇಸ್ ಕೊಟ್ಟು. ವರ್ಮ್ ಮಾಡಿಟ್ಟಿರೋ, ಹೆಸರೇ ಇಲ್ದೇ ಇರೋ ಒಂದು ಫೋಲ್ಡರ್ ಪ್ರತ್ಯಕ್ಷ ಆಗುತ್ತೆ, ಫೈಲೆಲ್ಲಾ ಅದ್ರೊಳಗೆ ಭದ್ರವಾಗಿರ್ತವೆ. ನಾನು ಇದನ್ನ ಒಂದು ಚೀಟೀಲಿ ಬರೆದು ಮಾನಿಟರ್ ಪಕ್ಕ ಅಂಟಿಸಿದೀನಿ, ಅಂಗಡಿ ಹುಡುಗ್ರಿಗೂ ಈಗ ಬಾಯಿಪಾಠ.

ಇನ್ನೊಂದು ವಿಷ್ಯ ಎಷ್ಟೋ ಜನಕ್ಕೆ ಗೊತ್ತಿಲ್ಲ. ಡಿಫೆಂಡರ್‌ನಲ್ಲಿ ಫುಲ್ ಸ್ಕ್ಯಾನ್ ಕೊಟ್ರೆ ಹಾಕಿರೋ ಪೆನ್‌ಡ್ರೈವೂ ಸ್ಕ್ಯಾನ್ ಆಗುತ್ತೆ ಅನ್ಕೊಂಡಿರ್ತೀವಿ, ಡಿಫಾಲ್ಟ್ ಸೆಟ್ಟಿಂಗ್‌ನಲ್ಲಿ ಆಗಲ್ಲ! ಫೈಲ್ ಮುಟ್ಟಿದಾಗ ರಿಯಲ್ ಟೈಮ್ ಕಾವಲು ನೋಡುತ್ತೆ ನಿಜ, ಆದ್ರೆ ಫುಲ್ ಸ್ಕ್ಯಾನ್ ಲೆಕ್ಕಕ್ಕೆ ರಿಮೂವಬಲ್ ಡ್ರೈವ್ ಸೇರಿರಲ್ಲ. ಪವರ್‌ಶೆಲ್ ಅಂತ ವಿಂಡೋಸ್‌ಗೆ ಕಮಾಂಡ್ ಹೊಡೆಯೋ ಜಾಗ ಇದೆ, ಅಲ್ಲಿ ಬದಲಾಯಿಸ್ಬೋದು. ಅಷ್ಟು ತಲೆ ಕೆಡಿಸ್ಕೊಳ್ಳೋದ್ಯಾಕೆ ಅಂದ್ರೆ, ಡ್ರೈವ್ ಐಕಾನ್ ಮೇಲೆ ರೈಟ್ ಕ್ಲಿಕ್ ಮಾಡಿ 'ಸ್ಕ್ಯಾನ್ ವಿತ್ ಮೈಕ್ರೋಸಾಫ್ಟ್ ಡಿಫೆಂಡರ್' ಒತ್ತೋದು ಅಭ್ಯಾಸ ಮಾಡ್ಕೊಳಿ. ನಮ್ಮಂಥ ಅಂಗಡಿಗಳೇ ಕೋಟಿಗಟ್ಟಲೆ ಇರೋ ಪ್ರಪಂಚದಲ್ಲಿ ಇದನ್ನ ಆಫ್ ಇಟ್ಟು ಕಳಿಸೋದು ಯಾವ ಬುದ್ಧಿನೋ, ಮಾರ್ಕ್ಸ್ ಕಟ್ ಮಾಡ್ತೀನಿ.

ಕ್ಲಿಕ್ ಮಾಡ್ದಿದ್ರೆ ಸಾಕಲ್ವಾ ಅಂತ ಕೇಳ್ಬೋದು. ಬಹುತೇಕ ಸಾಕು. ಆದ್ರೆ 2010ರಲ್ಲಿ ಬೆಳಕಿಗೆ ಬಂದ ಸ್ಟಕ್ಸ್‌ನೆಟ್ ಅನ್ನೋ ವರ್ಮ್, ಇರಾನಿನ ನತಾಂಜ್ ಯುರೇನಿಯಂ ಘಟಕಕ್ಕೆ ಗುರಿ ಇಟ್ಟಿದ್ದು, ಅದ್ರ ಶಾರ್ಟ್‌ಕಟ್‌ಗೆ ಕ್ಲಿಕ್ಕೂ ಬೇಕಿರ್ಲಿಲ್ಲ, ಎಕ್ಸ್‌ಪ್ಲೋರರ್‌ನಲ್ಲಿ ಆ ಐಕಾನ್ ಕಣ್ಣಿಗೆ ಬಿದ್ರೆ ಸಾಕಿತ್ತು. ವಿಂಡೋಸ್ ಐಕಾನ್ ತೋರ್ಸೋ ರೀತಿಯಲ್ಲೇ ತೂತಿತ್ತು. ಆ ತೂತು ಮುಚ್ಚಿದ್ದು ಆಂಟಿವೈರಸ್ ಅಲ್ಲ, ಆ ವರ್ಷದ ಆಗಸ್ಟ್‌ನಲ್ಲಿ ಬಂದ ಅಪ್‌ಡೇಟು.

ಈ ಅಪ್‌ಡೇಟ್ ಮಾತನ್ನೇ ನಾನು ಗಿರಾಕಿಗಳಿಗೆ, ಅಕ್ಕಪಕ್ಕದ ಅಂಗಡಿಯೋರಿಗೆ ಬಾಯಿ ನೋಯೋ ಹಾಗೆ ಹೇಳೋದು. ನೆಟ್‌ವರ್ಕಲ್ಲಿ ಹರಡೋ ವರ್ಮ್‌ಗಳ ತಾರೀಕು ಒಂದ್ಸಲ ಜೋಡಿಸಿ ನೋಡಿ. 2003ರ ಜನವರಿ 25ಕ್ಕೆ ಎಸ್‌ಕ್ಯೂಎಲ್ ಸ್ಲ್ಯಾಮರ್ ಬಂತು, ಹತ್ತೇ ನಿಮಿಷದಲ್ಲಿ ತೂತಿರೋ ಮೆಷಿನ್‌ಗಳಲ್ಲಿ ಹೆಚ್ಚಿನವನ್ನೆಲ್ಲಾ ಹಿಡೀತು, ಶುರುನಲ್ಲಿ ಎಂಟೂವರೆ ಸೆಕೆಂಡಿಗೊಂದ್ಸಲ ದುಪ್ಪಟ್ಟಾಗ್ತಿತ್ತು. ಅದ್ರ ಗಾತ್ರ 376 ಬೈಟ್, ಯೂನಿಕೋಡ್ ಕನ್ನಡದಲ್ಲಿ ಸೇವ್ ಮಾಡಿದ್ರೆ ಒಂದೊಂದು ಚಿಹ್ನೆಗೆ 3 ಬೈಟ್ ಲೆಕ್ಕದಲ್ಲಿ ಎರಡು ಸಾಲೂ ತುಂಬಲ್ಲ, ಅಷ್ಟು ಪುಟಾಣಿ. ಅದಕ್ಕೆ ಬೇಕಾಗಿದ್ದ ಪ್ಯಾಚ್, ಅಂದ್ರೆ ತೂತು ಮುಚ್ಚೋ ಅಪ್‌ಡೇಟು, ಆರು ತಿಂಗಳ ಹಿಂದೇನೇ ಬಂದಿತ್ತು. ಕಾನ್‌ಫಿಕರ್ ಬಳಸ್ಕೊಂಡ ತೂತಿಗೆ 2008ರ ಅಕ್ಟೋಬರ್ 23ಕ್ಕೆ ಪ್ಯಾಚ್, ವರ್ಮ್ ಬಂದಿದ್ದು ನವೆಂಬರ್‌ನಲ್ಲಿ. ಫೈಲ್ ಲಾಕ್ ಮಾಡಿ ದುಡ್ಡು ಕೇಳೋ ವಾನಾಕ್ರೈಗೆ 2017ರ ಮಾರ್ಚ್ 14ಕ್ಕೆ ಪ್ಯಾಚ್, ಮೇ 12ಕ್ಕೆ ದಾಳಿ. ಮೂರು ಸಲವೂ ಔಷಧಿ ಮೊದ್ಲು ಬಂತು, ರೋಗ ಆಮೇಲೆ ಬಂತು, ಅಪ್‌ಡೇಟ್ ಹಾಕ್ಕೊಳ್ದೋರು ಹೊಡೆಸ್ಕೊಂಡ್ರು.

ವಾನಾಕ್ರೈ ಒಳಗೆ ಬಂದಿದ್ದು ಹೇಗೆ ಅಂದ್ರೆ ವಿಂಡೋಸ್‌ನಲ್ಲಿ ಫೈಲ್, ಪ್ರಿಂಟರ್ ಶೇರ್ ಮಾಡೋ ಎಸ್ಎಂಬಿ ಅನ್ನೋ ವ್ಯವಸ್ಥೆ ಇದ್ಯಲ್ಲ, ಅದು ಬರೋ ಹೋಗೋ ಬಾಗಿಲು ಪೋರ್ಟ್ 445, ಅದ್ರ ಹಳೇ ಒಂದನೇ ಆವೃತ್ತಿಯ ತೂತಿಂದ. ಅಮೆರಿಕದ ಗುಪ್ತಚರ ಸಂಸ್ಥೆ ಎನ್ಎಸ್ಎಯಿಂದ ಸೋರಿದ ಎಟರ್ನಲ್‌ಬ್ಲೂ ಅನ್ನೋ ಹತಾರ, ಜೊತೆಗೆ ಡಬಲ್‌ಪಲ್ಸರ್ ಅನ್ನೋ ಬ್ಯಾಕ್‌ಡೋರು, ಅಂದ್ರೆ ಕಳ್ಳ ಹಿಂಬಾಗಿಲು. ಒಂದು ಮೆಷಿನ್ ಒಳಗೆ ಕೂತು ಲ್ಯಾನ್‌ನಲ್ಲಿರೋ, ಅಂದ್ರೆ ಅದೇ ಜಾಗದ ನೆಟ್‌ವರ್ಕಲ್ಲಿರೋ, ಮಿಕ್ಕ ಮೆಷಿನ್‌ಗಳ 445 ತಟ್ಟುತ್ತೆ, ತೆಗೆದ್ರೆ ಒಳಗೆ, ಫೈಲೆಲ್ಲಾ ಲಾಕು, 300 ಡಾಲರ್ ಬಿಟ್‌ಕಾಯಿನ್ ಕೊಡಿ ಅಂತ ಕೆಂಪು ಪರದೆ. ಇಂಗ್ಲೆಂಡಿನ ಸರ್ಕಾರಿ ಆಸ್ಪತ್ರೆಗಳಲ್ಲಿ ಅಪಾಯಿಂಟ್‌ಮೆಂಟ್‌ಗಳೇ ರದ್ದಾದ್ವು. ಅದ್ರೊಳಗಿದ್ದ ಒಂದು ವಿಚಿತ್ರ ವೆಬ್ ವಿಳಾಸವನ್ನ ಮಾರ್ಕಸ್ ಹಚಿನ್ಸ್ ಅನ್ನೋ ಹುಡುಗ ತನ್ನ ಹೆಸರಿಗೆ ರಿಜಿಸ್ಟರ್ ಮಾಡ್ಕೊಂಡಿದ್ದಕ್ಕೆ ಅದು ನಿಂತಿದ್ದು, ಇಲ್ಲಾಂದ್ರೆ ಇನ್ನೂ ಎಷ್ಟು ಓಡ್ತಿತ್ತೋ.

ಈಗ ಡಿಟಿಪಿ ಅಂಗಡಿಗೆ ಬನ್ನಿ. ಮೂರು ಕಂಪ್ಯೂಟರ್, ಒಂದು ಶೇರ್ಡ್ ಫೋಲ್ಡರ್, ಎಲ್ರಿಗೂ ಫುಲ್ ಕಂಟ್ರೋಲ್, ಪಾಸ್‌ವರ್ಡ್ ಇಲ್ಲ ಅಥ್ವಾ 1234. ಕಾನ್‌ಫಿಕರ್ ತನ್ನ ಜೊತೇಲೇ ಇಂಥ ಬಡಪಾಯಿ ಪಾಸ್‌ವರ್ಡ್‌ಗಳ ಪಟ್ಟಿ ಇಟ್ಕೊಂಡು ಒಂದೊಂದಾಗಿ ಹಾಕಿ ನೋಡ್ತಿತ್ತು. ಅದಕ್ಕಿಂತ ತಮಾಷೆ ಏನಂದ್ರೆ, ಹೊಸ ವಿಂಡೋಸ್‌ನಲ್ಲಿ ಹಳೇ ಎಸ್ಎಂಬಿ ಒಂದು ಸಾಮಾನ್ಯವಾಗಿ ಬರೋದೇ ಇಲ್ಲ, ಆದ್ರೆ ನಾವು ಸೆಕೆಂಡ್ ಹ್ಯಾಂಡ್‌ನಲ್ಲಿ ತರೋ ದೊಡ್ಡ ಜೆರಾಕ್ಸ್ ಮೆಷಿನ್‌ಗಳಲ್ಲಿ ಎಷ್ಟೋ ಮೆಷಿನ್‌ಗೆ ಸ್ಕ್ಯಾನ್ ಮಾಡಿದ್ದನ್ನ ಫೋಲ್ಡರ್‌ಗೆ ಕಳಿಸೋಕೆ ಅದೇ ಬೇಕು, ಅದಕ್ಕೇ ಸರ್ವೀಸ್‌ಗೆ ಬಂದೋನು ವಿಂಡೋಸ್ ಫೀಚರ್ಸ್‌ಗೆ ಹೋಗಿ ಟಿಕ್ ಹಾಕಿ ಹೋಗ್ತಾನೆ. ಡಿಫೆಂಡರ್ ಇದಕ್ಕೆ ತುಟಿ ಪಿಟಕ್ ಅನ್ನಲ್ಲ. ಸ್ಕ್ಯಾನ್‌ನ ಇಮೇಲ್‌ಗೋ ಮೆಷಿನ್‌ಗೇ ಚುಚ್ಚೋ ಪೆನ್‌ಡ್ರೈವ್‌ಗೋ ಹಾಕ್ಕೊಂಡು ಆ ಟಿಕ್ ತೆಗೆದುಬಿಡಿ.

ಟ್ರೋಜನ್ ವಿಷ್ಯಕ್ಕೆ ಬರೋಣ. ಅಸಲಿ ತಲೆನೋವು ಇಲ್ಲೇ ಇರೋದು, ಮತ್ತೆ ಇದ್ರಲ್ಲಿ ನಮ್ ಫೀಲ್ಡಿನೋರ ಪಾಲು ದೊಡ್ಡದು, ಬೇಜಾರ್ ಮಾಡ್ಕೋಬೇಡಿ. ಫ್ಲೆಕ್ಸ್ ಡಿಸೈನ್‌ಗೆ ಬೇಕಾಗೋ ಸಾಫ್ಟ್‌ವೇರ್‌ಗೆ ಯಾರು ದುಡ್ಡು ಕೊಡ್ತಾರೆ, ಯೂಟ್ಯೂಬ್‌ನಲ್ಲಿ 'ಫುಲ್ ವರ್ಷನ್ ಫ್ರೀ' ಅಂತ ವಿಡಿಯೋ, ಕೆಳಗೆ ಲಿಂಕು. ಇಳಿಸಿದ್ರೆ ಜಿಪ್ ಫೈಲು, ಅದಕ್ಕೊಂದು ಪಾಸ್‌ವರ್ಡು, ಪಾಸ್‌ವರ್ಡ್ ಅಲ್ಲೇ ವಿಡಿಯೋ ಕೆಳಗೆ ಕೊಟ್ಟಿರ್ತಾರೆ. ಯಾಕೆ ಪಾಸ್‌ವರ್ಡ್ ಅಂತ ಯಾರಾದ್ರೂ ಯೋಚ್ನೆ ಮಾಡಿದ್ರಾ? ಜಿಪ್ ಲಾಕ್ ಆಗಿದ್ರೆ ಒಳಗೇನಿದೆ ಅಂತ ಆಂಟಿವೈರಸ್‌ಗೆ ಕಾಣಲ್ಲ, ಅದಕ್ಕೆ. ಜೊತೆಗಿರೋ ರೀಡ್‌ಮಿ ಫೈಲ್‌ನ ಮೊದಲ್ನೇ ಸಾಲೇ 'ಇನ್‌ಸ್ಟಾಲ್ ಮಾಡೋಕೆ ಮುಂಚೆ ಆಂಟಿವೈರಸ್ ಆಫ್ ಮಾಡಿ'. ನಾವು ಭಕ್ತಿಯಿಂದ ಆಫ್ ಮಾಡ್ತೀವಿ. ಇಲ್ಲಿ ಡಿಫೆಂಡರ್‌ಗೆ ಬೈದು ಏನು ಪ್ರಯೋಜನ.

ನನ್ ಸ್ನೇಹಿತ ಒಬ್ರ ಫೋಟೋ ಸ್ಟುಡಿಯೋ ಮೆಷಿನ್ ನೋಡಿದ್ದು ಹೇಳ್ತೀನಿ. ಅವ್ರ ಪೇಜಿಂದ ಏನೇನೋ ಕ್ರಿಪ್ಟೋ ಜಾಹೀರಾತು ಹೋಗ್ತಿತ್ತು, ಪಾಸ್‌ವರ್ಡ್ ಬದಲಾಯಿಸಿದ್ರೂ ಮತ್ತೆ ಶುರು. ಡಿಫೆಂಡರ್ ಓಪನ್ ಮಾಡಿದ್ರೆ ಎಲ್ಲಾ ಹಸಿರು, ನೋ ಕರೆಂಟ್ ಥ್ರೆಟ್ಸ್. ವೈರಸ್ ಆ್ಯಂಡ್ ಥ್ರೆಟ್ ಪ್ರೊಟೆಕ್ಷನ್, ಮ್ಯಾನೇಜ್ ಸೆಟ್ಟಿಂಗ್ಸ್, ಕೆಳಗೆ ಎಕ್ಸ್‌ಕ್ಲೂಷನ್ಸ್ ಅಂತ ಇದೆ, ಅಲ್ಲಿಗೆ ಹೋದ್ರೆ ಒಂದೇ ಒಂದು ಸಾಲು, ಸಿ ಕೋಲನ್ ಬ್ಯಾಕ್‌ಸ್ಲ್ಯಾಶ್. ಅಂದ್ರೆ ಇಡೀ ಸಿ ಡ್ರೈವನ್ನೇ ನೋಡ್ಬೇಡ ಅಂತ ಡಿಫೆಂಡರ್‌ಗೆ ಹೇಳಿಟ್ಟಿದೆ! ಕ್ರ್ಯಾಕ್, ಅಂದ್ರೆ ಸಾಫ್ಟ್‌ವೇರ್ ಲೈಸೆನ್ಸ್ ಮುರಿಯೋ ಪ್ರೋಗ್ರಾಂ, ಓಡಿಸುವಾಗ ಅಡ್ಮಿನ್ ಪರ್ಮಿಷನ್‌ಗೆ ಯೆಸ್ ಒತ್ತಿರ್ತಾರಲ್ಲ, ಟ್ರೋಜನ್ ಆ ಅಧಿಕಾರ ಉಪಯೋಗಿಸ್ಕೊಂಡು ಪವರ್‌ಶೆಲ್‌ನ ಒಂದೇ ಕಮಾಂಡಲ್ಲಿ ಈ ಸಾಲು ಸೇರಿಸಿರುತ್ತೆ. ಟ್ಯಾಂಪರ್ ಪ್ರೊಟೆಕ್ಷನ್ ಆನ್ ಇದ್ರೆ ಡಿಫೆಂಡರ್‌ನ ಪೂರ್ತಿ ಆಫ್ ಮಾಡೋಕೆ ಬಿಡಲ್ಲ, ಆದ್ರೆ ಮನೆ ಕಂಪ್ಯೂಟರ್‌ನಲ್ಲಿ ಈ ಎಕ್ಸ್‌ಕ್ಲೂಷನ್ ಸೇರಿಸೋದನ್ನ ಅದು ತಡೆಯಲ್ಲ. ಈ ಪುಟ ಎಲ್ರೂ ಈಗ್ಲೇ ತೆಗೆದು ನೋಡಿ. ನೀವು ಸೇರಿಸಿಲ್ಲದ್ದು ಏನಾದ್ರೂ ಇದ್ರೆ ಬೇರೆ ಪುರಾವೆ ಬೇಕಾಗಿಲ್ಲ.

ಇಂಥ ಟ್ರೋಜನ್‌ಗಳು ಕದಿಯೋದು ಬರೀ ಪಾಸ್‌ವರ್ಡಲ್ಲ. ಬ್ರೌಸರ್‌ನಲ್ಲಿ ಒಂದ್ಸಲ ಲಾಗಿನ್ ಆದ್ರೆ ಮತ್ತೆ ಮತ್ತೆ ಕೇಳ್ಬಾರ್ದು ಅಂತ ಕುಕ್ಕಿ ಇಟ್ಕೊಂಡಿರುತ್ತೆ, ಅದನ್ನೇ ಎತ್ಕೊಂಡ್ ಹೋಗ್ತಾರೆ, ಓಟಿಪಿ ಕೇಳೋ ಪ್ರಶ್ನೆನೇ ಬರಲ್ಲ. ಪಾಸ್‌ವರ್ಡ್ ಬದಲಾಯಿಸೋದ್ರ ಜೊತೆ ಎಲ್ಲಾ ಡಿವೈಸ್‌ಗಳಿಂದ ಲಾಗೌಟ್ ಮಾಡ್ಬೇಕು, ಅದೂ ಬೇರೆ ಕ್ಲೀನ್ ಮೆಷಿನ್‌ನಿಂದ. ಇನ್ನು ಪೂರ್ತಿ ಬ್ಯಾಕ್‌ಡೋರ್ ಇಡೋ ಜಾತಿ. 1998ರ ಬ್ಯಾಕ್ ಓರಿಫಿಸ್ ಕಾಲದಲ್ಲಿ ನಿಮ್ಮ ಕಂಪ್ಯೂಟರ್‌ನಲ್ಲಿ 31337 ಅನ್ನೋ ಪೋರ್ಟ್ ತೆಗೆದಿಟ್ಟು ಕಳ್ಳ ಹೊರಗಿಂದ ಬರ್ಲಿ ಅಂತ ಕಾಯ್ತಿತ್ತು, ಫೈರ್‌ವಾಲ್ ಇದ್ರೆ ಅಲ್ಲೇ ತಡೀತಿತ್ತು. ಈಗಿನವು ಉಲ್ಟಾ, ಒಳಗಿಂದ ತಾವೇ ಕಳ್ಳನ ಸರ್ವರ್‌ಗೆ ಫೋನ್ ಮಾಡ್ತವೆ, ಅದೂ ಮಾಮೂಲಿ ವೆಬ್‌ಸೈಟ್ ನೋಡೋ ಥರಾನೇ. ವಿಂಡೋಸ್ ಫೈರ್‌ವಾಲ್ ಡಿಫಾಲ್ಟಾಗಿ ಒಳಗೆ ಬರೋದನ್ನ ತಡೆಯುತ್ತೆ, ಹೊರಗೆ ಹೋಗೋದನ್ನ ಬಿಡುತ್ತೆ. ನಮ್ ದೇಶದಲ್ಲೇ 2019ರಲ್ಲಿ ಕೂಡಂಕುಳಂ ಅಣುಸ್ಥಾವರದ ಆಡಳಿತ ವಿಭಾಗದ ಒಂದು ಪಿಸಿಗೆ ಡಿಟ್ರ್ಯಾಕ್ ಅನ್ನೋ ಇಂಥದ್ದೇ ಹೊಕ್ಕಿದ ಸುದ್ದಿ ಬಂತು, ಮಾಲ್‌ವೇರ್ ಸಿಕ್ಕಿದ್ದು ನಿಜ, ಸ್ಥಾವರ ನಡೆಸೋ ನೆಟ್‌ವರ್ಕ್ ಬೇರೆ ಅಂತ ಅದನ್ನ ನಡೆಸೋ ಸರ್ಕಾರಿ ಕಂಪನಿ ಎನ್‌ಪಿಸಿಐಎಲ್ ಒಪ್ಕೊಂಡಿತ್ತು.

ವರ್ಮೂ ಟ್ರೋಜನ್ನೂ ಕೈ ಜೋಡಿಸಿದ್ರೆ ಏನಾಗುತ್ತೆ ಅನ್ನೋಕೆ 2017ರ ಜೂನ್ 27ರ ನಾಟ್‌ಪೆಟ್ಯಾ ಸಾಕು. ಉಕ್ರೇನಿನ ಎಂ.ಇ.ಡಾಕ್ ಅನ್ನೋ ಟ್ಯಾಕ್ಸ್ ಸಾಫ್ಟ್‌ವೇರ್‌ನ ಅಪ್‌ಡೇಟ್‌ನಲ್ಲೇ ಬ್ಯಾಕ್‌ಡೋರ್ ಇಟ್ಟಿದ್ರು, ಅಲ್ಲಿಂದ ಒಳಗೆ ಬಂದು ಆಮೇಲೆ ಎಟರ್ನಲ್‌ಬ್ಲೂ ಜೊತೆಗೆ ಕದ್ದ ಪಾಸ್‌ವರ್ಡ್‌ಗಳನ್ನ ಹಿಡ್ಕೊಂಡು ನೆಟ್‌ವರ್ಕ್ ಪೂರ್ತಿ ವರ್ಮ್ ಥರ ಓಡ್ತು. ಮೆರ್ಸ್ಕ್ ಹಡಗು ಕಂಪನಿ ಮಲಗ್ತು, ಅದ್ರ ದೆಸೆಯಿಂದ ಮುಂಬೈ ಹತ್ರದ ಜೆಎನ್‌ಪಿಟಿ ಬಂದರಲ್ಲಿ ಒಂದು ಟರ್ಮಿನಲ್ಲೇ ಸ್ತಬ್ಧ. ಪ್ಯಾಚ್ ಹಾಕಿದ್ದ ಮೆಷಿನ್‌ಗಳೂ ಹೋದ್ವು, ಯಾಕಂದ್ರೆ ಕೈಯಲ್ಲಿ ಸರಿಯಾದ ಪಾಸ್‌ವರ್ಡೇ ಇತ್ತಲ್ಲ.

ಡಿಫೆಂಡರ್‌ನ ಒಳ್ಳೇ ಗುಣ ಹೇಳ್ದೆ ಹೋದ್ರೆ ತಪ್ಪಾಗುತ್ತೆ. ಆಫ್‌ಲೈನ್ ಸ್ಕ್ಯಾನ್ ಅಂತ ಒಂದಿದೆ, ಬಹಳ ಜನ ಮುಟ್ಟೇ ಇಲ್ಲ. ಅದನ್ನ ಒತ್ತಿದ್ರೆ ಕಂಪ್ಯೂಟರ್ ರೀಸ್ಟಾರ್ಟ್ ಆಗಿ, ವಿಂಡೋಸ್ ಪೂರ್ತಿ ಏಳೋಕೆ ಮುಂಚೆನೇ ಸ್ಕ್ಯಾನ್ ಮಾಡುತ್ತೆ, ಸುಮಾರು 15 ನಿಮಿಷ. ವಿಂಡೋಸೇ ಎದ್ದಿಲ್ಲ ಅಂದ್ಮೇಲೆ ವರ್ಮೂ ಎದ್ದಿರಲ್ಲ, ಅಡಗ್ಕೊಳ್ಳೋಕೆ ಆಗಲ್ಲ. ನಾನು ಮೊದ್ಲು ಓಡ್ಸೋದು ಇದನ್ನೇ. ಕಂಟ್ರೋಲ್ಡ್ ಫೋಲ್ಡರ್ ಆ್ಯಕ್ಸೆಸ್ ಅಂತ ಇನ್ನೊಂದು, ಗೊತ್ತಿಲ್ಲದ ಪ್ರೋಗ್ರಾಂಗಳು ಡಾಕ್ಯುಮೆಂಟ್ಸ್ ಫೋಲ್ಡರ್‌ನಲ್ಲಿ ಬರೀಬಾರ್ದು ಅಂತ ತಡೆಯೋದು, ಇದು ಆಫ್ ಆಗೇ ಬರುತ್ತೆ. ಆನ್ ಮಾಡಿದ್ರೆ ಹಳೇ ಕನ್ನಡ ಟೈಪಿಂಗ್, ಪೇಜ್ ಡಿಸೈನ್ ಸಾಫ್ಟ್‌ವೇರ್‌ಗಳೂ ಸೇವ್ ಮಾಡೋವಾಗ ತಗಾದೆ ಬರ್ಬೋದು, ಒಂದೊಂದನ್ನೂ ಅಲೌ ಮಾಡ್ತಾ ಹೋಗ್ಬೇಕು, ರೇಜಿಗೆ, ಆದ್ರೂ ಮದುವೆ ಆಲ್ಬಂ ಎಲ್ಲಾ ಇರೋ ಮೆಷಿನ್‌ಗೆ ಮಾಡಿ. ನಿಧಾನ ಅಂತ ಬೈಗುಳ ಇದೆ, ಹಳೇ ಹಾರ್ಡ್ ಡಿಸ್ಕ್ ಇರೋ ಮೆಷಿನ್‌ನಲ್ಲಿ ಫುಲ್ ಸ್ಕ್ಯಾನ್ ಭಾರಾನೇ, ಅಂಗಡಿ ಮುಚ್ಚೋ ಹೊತ್ತಿಗೆ ಹಾಕಿ.

ಪೇಯ್ಡ್ ಬೇಕೇ ಬೇಕಾ ಅಂದ್ರೆ ಜರ್ಮನಿಯ ಎವಿ-ಟೆಸ್ಟ್ ಲ್ಯಾಬ್‌ನೋರ ಪರೀಕ್ಷೇಲಿ ಡಿಫೆಂಡರ್ 2019ರಿಂದೀಚೆಗೆ ಹಲವು ಸಲ 18ಕ್ಕೆ 18 ತಗೊಂಡಿದೆ. ಬೇರೆ ಆಂಟಿವೈರಸ್ ಹಾಕಿದ್ರೆ ಡಿಫೆಂಡರ್ ತಾನಾಗೇ ಪಕ್ಕಕ್ಕೆ ಸರಿಯುತ್ತೆ, ಆಮೇಲೆ ಆ ಲೈಸೆನ್ಸ್ ಮುಗಿದ್ರೂ ರಿನ್ಯೂ ಮಾಡ್ಸಲ್ಲ ತೆಗೆಯೋದೂ ಇಲ್ಲ, ಬರೀ ನೋಟಿಫಿಕೇಷನ್ ನೋಡ್ಕೊಂಡು ಕೂರೋದು, ಇಂಥ ಅಂಗಡಿ ಎಷ್ಟು ಬೇಕು. ಪೆನ್‌ಡ್ರೈವ್‌ಗೆ ಹೆಚ್ಚಿನ ಕಾವಲು ಬೇಕಂದ್ರೆ ಸರ್ಕಾರಿ ಕಂಪ್ಯೂಟರ್ ಸಂಶೋಧನಾ ಸಂಸ್ಥೆ ಸಿ-ಡ್ಯಾಕ್ ಮಾಡಿರೋ ಯುಎಸ್‌ಬಿ ಪ್ರತಿರೋಧ್ ಇದೆ, 2017ರಲ್ಲಿ ಕೇಂದ್ರ ಸರ್ಕಾರ ಶುರು ಮಾಡಿದ ಸೈಬರ್ ಸ್ವಚ್ಛತಾ ಕೇಂದ್ರದ ಮೂಲಕ ಪುಕ್ಕಟೆ ಕೊಟ್ಟಿದ್ದು.

ಎಕ್ಸ್‌ಪ್ಲೋರರ್‌ನಲ್ಲಿ ಫೈಲ್ ಎಕ್ಸ್‌ಟೆನ್ಷನ್ ಕಾಣೋ ಹಾಗೆ ಮಾಡ್ಕೊಳಿ, ವ್ಯೂ ಮೆನುನಲ್ಲಿದೆ. 2000ದ ಮೇ ತಿಂಗಳಲ್ಲಿ ಮನಿಲಾದಿಂದ ಹೊರಟ ಐಲವ್‌ಯೂ ವರ್ಮ್ ಪ್ರಪಂಚ ಸುತ್ತಿದ್ದು ಲವ್ ಲೆಟರ್ ಫಾರ್ ಯೂ ಡಾಟ್ ಟಿಎಕ್ಸ್‌ಟಿ ಡಾಟ್ ವಿಬಿಎಸ್ ಅನ್ನೋ ಹೆಸರಲ್ಲಿ, ಕೊನೇ ವಿಬಿಎಸ್ ಕಾಣಿಸ್ದೇ ಇದ್ದಿದ್ದೇ ಅದ್ರ ಬಂಡವಾಳ. ಇವತ್ತು ವಾಟ್ಸಾಪಲ್ಲಿ ಬರೋ 'ಮದುವೆ ಕರೆಯೋಲೆ ಡಾಟ್ ಎಪಿಕೆ', 'ಟ್ರಾಫಿಕ್ ಚಲನ್ ಡಾಟ್ ಎಪಿಕೆ' ಅದೇ ಆಟದ ಮೊಬೈಲ್ ರೂಪ, ಎಪಿಕೆ ಅಂದ್ರೆ ಆ್ಯಂಡ್ರಾಯ್ಡ್ ಆ್ಯಪ್ ಇನ್‌ಸ್ಟಾಲ್ ಮಾಡೋ ಫೈಲು, ಎಸ್ಎಂಎಸ್ ಓದೋ ಪರ್ಮಿಷನ್ ಕೇಳಿ ಓಟಿಪಿ ಎತ್ತೋದು. ವಿಂಡೋಸ್‌ನಲ್ಲಿರೋ ಡಿಫೆಂಡರ್‌ಗೂ ನಿಮ್ ಫೋನಿಗೂ ಸಂಬಂಧ ಇಲ್ಲ. ಲಗ್ನಪತ್ರಿಕೆ ಮಾಡೋ ನಾವು ಪಿಡಿಎಫ್, ಜೆಪಿಜಿ ಬಿಟ್ಟು ಬೇರೇನೂ ಕಳಿಸಲ್ಲ ಅಂತ ಗಿರಾಕಿಗೆ ಹೇಳಿಡಿ.

ಕೊನೇದಾಗಿ ವಿಂಡೋಸ್ 10 ಇಟ್ಕೊಂಡಿರೋರಿಗೆ. 2025ರ ಅಕ್ಟೋಬರ್ 14ಕ್ಕೆ ಅದ್ರ ಮಾಮೂಲಿ ಸಪೋರ್ಟ್ ಮುಗೀತು, ಆದ್ರೆ ಡಿಫೆಂಡರ್‌ನ ವೈರಸ್ ಪಟ್ಟಿ 2028ರ ಅಕ್ಟೋಬರ್‌ವರೆಗೂ ಅಪ್‌ಡೇಟ್ ಆಗ್ತಾ ಇರುತ್ತೆ. ಹಂಗಾಗಿ ಡಿಫೆಂಡರ್ ಓಪನ್ ಮಾಡಿದ್ರೆ ಎಲ್ಲಾ ಹೊಸದಾಗಿದೆ ಅಂತಾನೇ ಕಾಣುತ್ತೆ, ವಿಂಡೋಸ್‌ನ ತೂತುಗಳು ಮಾತ್ರ ಹೊಸದಾಗಿ ಮುಚ್ಚಲ್ಲ. ಎಕ್ಸ್‌ಟೆಂಡೆಡ್ ಅಪ್‌ಡೇಟ್‌ಗೆ ಸೇರ್ಕೊಂಡ್ರೆ 2026ರ ಅಕ್ಟೋಬರ್ 13ರವರೆಗೆ ಪ್ಯಾಚ್ ಸಿಗುತ್ತೆ. ಇಲ್ಲಾಂದ್ರೆ ಆ ಹಳೇ ಮೆಷಿನ್‌ನ ಲ್ಯಾನ್‌ನಿಂದ ಕಿತ್ತು, ಬರೀ ಜೆರಾಕ್ಸ್ ಬಿಲ್ ಹೊಡ್ಯೋಕೆ ಇಟ್ಕೊಳಿ. ನನ್ ಲೆಕ್ಕದಲ್ಲಿ ಡಿಫೆಂಡರ್‌ಗೆ ಐದಕ್ಕೆ ನಾಲ್ಕು, ಕಟ್ ಆದ ಒಂದು ಪೆನ್‌ಡ್ರೈವ್ ಸೆಟ್ಟಿಂಗ್‌ಗೂ ಎಕ್ಸ್‌ಕ್ಲೂಷನ್ ಪುಟವನ್ನ ಅಷ್ಟು ಒಳಗೆ ಬಚ್ಚಿಟ್ಟಿದ್ದಕ್ಕೂ ಸೇರಿ.